ಶಿಷ್ಯನ ಮಂಡಿನೋವು

ದಸರಾ ಕುಸ್ತಿಗೆ ಜೋಡಿ ಕಟ್ಟಿ ಆಗಿತ್ತು. ಗರಡಿಯ ಕೆಮ್ಮಣ್ಣಿನಲ್ಲಿ ದಿಲೀಪ ಬಸ್ಕಿ ಹೊಡೆದಾಗಲೆಲ್ಲ, ಎದುರುಮನೆಯ ಜಗಲಿಯಲ್ಲಿ ಕೂತಿದ್ದ ಉಸ್ತಾದ್ ಮರಿನಾಯಕರ ಎಡಮಂಡಿ ಚುಳ್ಳೆನ್ನುತ್ತಿತ್ತು. ಮಂಡಿ ಅವರದೇ, ನೋವು ಮಾತ್ರ ದಿಲೀಪನದು. ಕುಸ್ತಿ ಮುಗಿಯುವ ತನಕ ಶಿಷ್ಯನ ನೋವನ್ನು ಉಸ್ತಾದರು ಹೊರುವುದು ಎಲ್ಲ ಗರಡಿಗಳಲ್ಲೂ ನಡೆದುಬಂದ ಪದ್ಧತಿ. ಒಬ್ಬರ ಹಣೆಗೊಬ್ಬರು ಗರಡಿಯ ಮಣ್ಣು ಹಚ್ಚಿದರೆ ಆಯಿತು.

ಮರಿನಾಯಕರ ಬಲಭುಜದಲ್ಲಿ ಹೋದ ವರ್ಷದ ಶಿಷ್ಯನ ನೋವಿತ್ತು, ಸೊಂಟದಲ್ಲಿ ಅದಕ್ಕೂ ಹಿಂದಿನವನದು. ಇಬ್ಬರೂ ಗೆದ್ದವರು. ಹೆಗಲ ಮೇಲೆ ಗದೆ ಹೊತ್ತು ಮೆರವಣಿಗೆ ಹೋದವರು ತಮ್ಮ ನೋವನ್ನು ವಾಪಸ್ ಒಯ್ಯಲು ಬರಲೇ ಇಲ್ಲ. ಸೋತವರಷ್ಟೇ ತಲೆ ತಗ್ಗಿಸಿಕೊಂಡು ಬಂದು ಒಯ್ಯುತ್ತಿದ್ದರು.

ಹೆಂಡತಿ ಚೆಲುವಾಜಮ್ಮ ಮಂಡಿಗೆ ಎಳ್ಳೆಣ್ಣೆ ತಿಕ್ಕುತ್ತಾ, "ಈ ಸಲನಾದ್ರೂ ಅವ್ನು ಸೋತ್ಹೋಗ್ಲಿ ಅಂತ ಹರಕೆ ಹೊತ್ಕೊಳ್ಲಾ?" ಅಂದರು.

"ಬಾಯ್ ಮುಚ್ಚಮ್ಮಿ. ಗರಡಿ ಮುಂದೆ ಆಡೋ ಮಾತಾ ಅದು?" ಎಂದು ಮರಿನಾಯಕರು ಗದರಿದರು.

ಅಷ್ಟರಲ್ಲಿ ದಿಲೀಪ ಓಡಿಬಂದು ಕಾಲಿಗೆ ಬಿದ್ದ. "ಗೆದ್ರೂ ಬಂದು ನನ್ ನೋವ್ ನಾನು ತಗತೀನಿ ಉಸ್ತಾದ್ರೆ, ನಿಮ್ಮಾಣೆ."

ಭುಜದವನೂ ಸೊಂಟದವನೂ ಇದೇ ಆಣೆ ಇಟ್ಟು ಹೋಗಿದ್ದರು. ಮರಿನಾಯಕರು ಅವನ ಬೆನ್ನು ತಟ್ಟಿದರು.

"ಮಂಡಿ ಇನ್ನೂ ಬಗ್ಸಿ ಹೊಡಿ ಮಗ," ಅಂದು, ಹಲ್ಲು ಕಚ್ಚಿ ಜಗಲಿಯ ಕಂಬವನ್ನು ಗಟ್ಟಿಯಾಗಿ ಹಿಡಿದುಕೊಂಡರು.