ಚುಕ್ಕೆ ಇಟ್ಟ ಸಹಿ

"ಸಾಲದ ಪತ್ರ ತೋರಿಸದೆ ದುಡ್ಡು ಕೇಳೋ ಹಾಗಿಲ್ಲ. ಗಿರಾಕಿಗಳ ಮುಂದೆ ಕೂಗಾಡೋ ಹಾಗೂ ಇಲ್ಲ. ಕಾನೂನು ನನಗೂ ಗೊತ್ತು," ಎಂದ ದರ್ಜಿ ಸಾಲ ವಸೂಲಿಗೆ ಬಂದವನಿಗೆ, ಬಟ್ಟೆಯ ಮೇಲೆ ಓಡುತ್ತಿದ್ದ ಕತ್ತರಿ ನಿಲ್ಲಿಸದೆ. ಈ ಮಾತುಗಳನ್ನು ದರ್ಜಿಗೆ ಹೇಳಿಕೊಟ್ಟವಳು ಮಗಳೇ. ಪತ್ರ ಕೇಳಿದರೆ ವಸೂಲಿಯವರು ಬಾಲ ಮುದುರಿಕೊಂಡು ಹೋಗುತ್ತಾರೆಂದು ಅವಳು ನಂಬಿದ್ದಳು.

ವಸೂಲಿಯವನು ಚೀಲದಿಂದ ಒಂದು ಹಾಳೆ ತೆಗೆದು ಮೇಜಿನ ಮೇಲೆ ಹರಡಿದ. "ನೋಡಿ ಯಜಮಾನ್ರೇ, ನಿಮ್ಮದೇ ಹೆಸರು. ಸಹಿ ನಿಮ್ದಲ್ಲ ಅಂದ್ರೆ ಹಾಗಂತ ಬರೆದುಕೊಡಿ, ನಿಮ್ಮ ತಂಟೆಗೇ ಬರಲ್ಲ. ಕಳ್ಳಸಹಿ ಹಾಕಿದವರನ್ನ ಪೊಲೀಸರು ನೋಡ್ಕೊಳ್ತಾರೆ."

ಮೂಲೆಯಲ್ಲಿ ಗುಂಡಿ ಹೊಲಿಯುತ್ತಿದ್ದ ಮಗಳು ತಲೆ ಎತ್ತಲಿಲ್ಲ. ಆಗಲೇ ಗಟ್ಟಿಯಾಗಿ ಕೂತಿದ್ದ ಗುಂಡಿಗೆ ಮತ್ತೆ ಮತ್ತೆ ದಾರ ಸುತ್ತುತ್ತಲೇ ಇದ್ದಳು. ದರ್ಜಿ ಕನ್ನಡಕ ಹಾಕಿಕೊಂಡು, ಸಹಿಯ ಕೊನೆಯಲ್ಲಿದ್ದ ದಪ್ಪ ಚುಕ್ಕೆಯನ್ನು ಉಗುರಿನಿಂದ ಮುಟ್ಟಿ ನೋಡಿದ.

"ಸಹಿ ನಂದೇ. ವಯಸ್ಸಾಯ್ತಲ್ಲ, ಮರೆತುಬಿಟ್ಟಿದ್ದೆ. ತೀರಿಸ್ತೀನಿ, ಹೋಗಿ."

ವಸೂಲಿಯವನು ಮೆಟ್ಟಿಲಿಳಿದ ಮೇಲೆ ಮಗಳು ಸೂಜಿ ಕೆಳಗಿಟ್ಟು, "ಅಪ್ಪಾ" ಎಂದಳು.

"ನಾನು ಸಹಿಗೆ ಚುಕ್ಕೆ ಇಡಲ್ಲ ಕಣಮ್ಮ," ಎಂದ ದರ್ಜಿ, ಮತ್ತೆ ಕತ್ತರಿ ಹಿಡಿಯುತ್ತ. "ನಿನ್ನ ಮಾರ್ಕ್ಸ್ ಕಾರ್ಡಲ್ಲಿದ್ದ ನನ್ನ ಸಹಿಗೂ ಪ್ರತಿ ಸಲ ಚುಕ್ಕೆ ಇರ್ತಿತ್ತು."