ಐವತ್ತಕ್ಕೆ ನಲವತ್ತೊಂಬತ್ತು

“ಹೈಸ್ಕೂಲಲ್ಲಿ ಎರಡು ವರ್ಷ ಬ್ಯೂಟಿಷಿಯನ್ ಕೋರ್ಸ್ ಮಾಡಿದೀನಿ ಅಂತೀಯ, ಯಾರಿಗಾದ್ರೂ ಒಂದು ಐಬ್ರೋ ಮಾಡಿದೀಯೇನೇ?”

ಕೆಲಸ ಕೇಳಿಕೊಂಡು ಬಂದಿದ್ದ ಹುಡುಗಿ ತಲೆ ತಗ್ಗಿಸಿದಳು. “ಇಲ್ಲ ಮೇಡಂ. ರೆಕಾರ್ಡ್ ಬುಕ್ಕಲ್ಲಿ ಹುಬ್ಬಿನ ಚಿತ್ರ ಬರೆಸಿದ್ರು.”

ಪಾರ್ಲರಿನ ಒಡತಿ ಅಂಕಪಟ್ಟಿ ನೋಡಿ ನಕ್ಕಳು. “ಅದಕ್ಕೆ ಪ್ರಾಕ್ಟಿಕಲ್‌ನಲ್ಲಿ ಐವತ್ತಕ್ಕೆ ನಲವತ್ತೊಂಬತ್ತು ಬೇರೆ. ಪರೀಕ್ಷೆ ಮಾಡೋಕೆ ಯಾವ ಮಹಾತಾಯಿ ಬಂದಿದ್ಲು, ನಿದ್ದೆ ಮಾಡ್ತಿದ್ಲಾ?”

“ಹಂಗೇನಿಲ್ಲ. ಊರಲ್ಲಿ ಪಾರ್ಲರ್ ಇರೋರು ಅಂತ ಹೆಡ್‌ಮಾಸ್ಟರು ನಿಮ್ಮನ್ನೇ ಕರೆಸಿದ್ರು ಮೇಡಂ. ಹೋಳಿಗೆ ಊಟ ಆದ್ಮೇಲೆ ಮೂವತ್ತೂ ಜನಕ್ಕೆ ಒಟ್ಟಿಗೇ ಮಾರ್ಕ್ಸ್ ಹಾಕಿ ಸ್ಕೂಟರ್ ಹತ್ತಿದ್ರಿ. ಅದಕ್ಕೇ ನಿಮ್ಹತ್ರಾನೇ ಕೆಲಸ ಕೇಳೋಣ ಅಂತ ಬಂದೆ.”

ಒಡತಿ ಐಬ್ರೋ ಮಾಡುವ ದಾರವನ್ನು ಹುಡುಗಿಯ ಕೈಗಿಟ್ಟು, ಗಿರಾಕಿಯ ಕುರ್ಚಿಯಲ್ಲಿ ತಾನೇ ಕೂತು ಕಣ್ಣು ಮುಚ್ಚಿದಳು.