ದೆವ್ವದ ಬಂಗಲೆಗೆ ಕರೆ

ಗಂಡ ತೀರಿಕೊಂಡ ಮೇಲೆ ಜಲಜಾಕ್ಷಿಯನ್ನು ಅಪಾರ್ಟ್‌ಮೆಂಟಿನ ಯಾರೂ ಅರಿಶಿನ ಕುಂಕುಮಕ್ಕಿರಲಿ, ಹುಟ್ಟುಹಬ್ಬಕ್ಕೂ ಕರೆದಿರಲಿಲ್ಲ. ಹಾಗಾಗಿ ಎದುರುಮನೆಯ ರಶ್ಮಿತಾ ಬಂದು ಬಾಗಿಲು ತಟ್ಟಿದಾಗ ಅವಳಿಗೆ ಆಶ್ಚರ್ಯವಾಯಿತು.

"ಆಂಟಿ, ಶನಿವಾರ ಸಂಜೆ ಹ್ಯಾಲೊವೀನ್. ಮಕ್ಕಳಿಗೋಸ್ಕರ ನಮ್ಮನೇನೇ ದೆವ್ವದ ಬಂಗಲೆ ಮಾಡ್ತಿದ್ದೀವಿ. ನೀವು ಬರ್ಲೇಬೇಕು."

"ನಾನಾ? ನಾನು ಬಂದ್ರೆ ಯಾರಾದ್ರೂ ಏನಾದ್ರೂ ಅಂದ್ಕೊಂಡ್ರೆ?"

"ಅಯ್ಯೋ, ನೀವಿಲ್ದೆ ಆಗೋದೇ ಇಲ್ಲ!"

ಶನಿವಾರ ಮಧ್ಯಾಹ್ನವೆಲ್ಲ ಕೂತು ಅವಳು ಮಕ್ಕಳಿಗೆಂದು ಕೋಡುಬಳೆ ಕರಿದಳು. ದಿನವೂ ಉಡುವ ಬಿಳಿ ಸೀರೆ ಬಿಟ್ಟು, ಬೀರುವಿನ ತಳದಲ್ಲಿ ಮಡಿಸಿಟ್ಟಿದ್ದ ಗಿಳಿಹಸಿರು ರೇಷ್ಮೆ ಸೀರೆ ತೆಗೆದು ಉಟ್ಟಳು. ಬಹಳ ಹೊತ್ತು ಕನ್ನಡಿಯ ಮುಂದೆ ನಿಂತಿದ್ದು, ಕೊನೆಗೆ ಧೈರ್ಯ ಮಾಡಿ ಸಾಸಿವೆ ಕಾಳಿನಷ್ಟು ಬೊಟ್ಟನ್ನೂ ಇಟ್ಟುಕೊಂಡಳು.

ಎದುರುಮನೆಯ ಕಿಟಕಿಗಳಿಗೆಲ್ಲ ಕಪ್ಪು ಬಟ್ಟೆ ಕಟ್ಟಿದ್ದರು. ಮೂಲೆಮೂಲೆಯಲ್ಲೂ ಹತ್ತಿಯ ಜೇಡರಬಲೆ. ಬಾಗಿಲಾಚೆ ಮಕ್ಕಳು ಆಗಲೇ ಸಾಲುಗಟ್ಟಿ ಕಿರುಚಾಡುತ್ತಿದ್ದರು. ಒಳಗೆ ಬಂದ ಜಲಜಾಕ್ಷಿಯನ್ನು ನೋಡಿ ರಶ್ಮಿತಾಳ ಮುಖ ಸಪ್ಪಗಾಯಿತು.

"ಯಾಕಮ್ಮಾ, ತಡವಾಯ್ತಾ?" ಎಂದಳು ಜಲಜಾಕ್ಷಿ, ಕೋಡುಬಳೆ ಡಬ್ಬಿ ಮುಂದೆ ಹಿಡಿದು.

"ಅದಲ್ಲ ಆಂಟಿ. ದೆವ್ವದ ಪಾರ್ಟು ನಿಮ್ದೇ ಅಲ್ವಾ? ದಿನಾ ಇರೋ ಹಾಗೇ ಬಂದಿದ್ರೆ ಸಾಕಾಗಿತ್ತು."